ಒಲೆ ಉರಿಯದ ಭಾನುವಾರ

ಮೊದಲು ಆಲಿವ್ ಎಣ್ಣೆಯಲ್ಲಿ ಈರುಳ್ಳಿ ಮೆತ್ತಗಾಗುವ ವಾಸನೆ, ಅದರ ಹಿಂದೆಯೇ ಟೊಮೇಟೊ ಕುದಿಯುವ ವಾಸನೆ, ಕೊನೆಗೆ ಕಾಮಕಸ್ತೂರಿ ಎಲೆಯ ವಾಸನೆ. ವಿತಾಂತೋನಿಯೊ ಚಿಕ್ಕವನಿದ್ದಾಗ ಭಾನುವಾರಗಳು ಈ ಕ್ರಮದಲ್ಲೇ ಬೆಳಗಾಗುತ್ತಿದ್ದವು. ಚರ್ಚಿಗೆ ಹೊರಡುವ ಮುನ್ನ ಅವನ ತಾಯಿ ಬ್ರೆಡ್ಡಿನ ಗಟ್ಟಿ ಅಂಚನ್ನು ಮುರಿದು, ಕುದಿಯುವ ಪಾತ್ರೆಯಲ್ಲಿ ಅದ್ದಿ, ಊದಿ, ಯಾರಿಗೂ ಕಾಣದಂತೆ ಅವನ ಕೈಗಿಡುತ್ತಿದ್ದಳು. ಪ್ರಸಾದ ತೆಗೆದುಕೊಳ್ಳುವ ಮೊದಲು ಏನೂ ತಿನ್ನಬಾರದೆಂದು ಪಾದ್ರಿಗಳು ಹೇಳುತ್ತಿದ್ದ ಮಾತು ಆ ಒಂದು ತುಂಡಿಗೆ ಅನ್ವಯಿಸುವುದಿಲ್ಲವೆಂದು ತಾಯಿ ಮಗ ಇಬ್ಬರೂ ನಂಬಿದ್ದರು.

ಆ ವಾಸನೆಯೇ ಅವನನ್ನು ಅರವತ್ತು ದಾಟಿದ ಮೇಲೆ ಪೇಚಿಗೆ ಸಿಕ್ಕಿಸಿತು.

ರೈಲಿನಲ್ಲಿ ಟಿಕೆಟ್ ನೋಡುವ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕುಳಿತವನಿಗೆ ನೋಡಲು ಬೇರೇನೂ ಇಲ್ಲದೆ ತಟ್ಟೆಯನ್ನೇ ನೋಡುವ ಚಟ ಹತ್ತಿತ್ತು. ಒಂದು ಭಾನುವಾರ ಪಾಸ್ತಾದ ಮೇಲಿನ ಕೆಂಪು ಸೂಗೊವನ್ನು ಚಮಚದಲ್ಲಿ ಕೆದಕುತ್ತ, "ಅಮ್ಮನ ಸೂಗೊ ಹೀಗಿರ್ತಿರಲಿಲ್ಲ," ಎಂದ.

ಹೆಂಡತಿ ಅದ್ದೊಲೊರಾತ ತಲೆಯೆತ್ತಿದಳು. "ಮತ್ತೆ ಹೇಗಿರ್ತಿತ್ತು?"

"ಅದೇನೋ, ಬೇರೆ ಥರ. ಇದರಲ್ಲಿ ಮಹಾ ಏನಿದೆ ಹೇಳು? ಟೊಮೇಟೊ, ಎಣ್ಣೆ, ಉಪ್ಪು. ಕೈ ಇದ್ದವರು ಯಾರು ಬೇಕಾದ್ರೂ ಮಾಡಬಹುದು."

"ನಿಂಗೂ ಎರಡು ಕೈ ಇದೆಯಲ್ಲ," ಎಂದಳು ಅವಳು. ಅಷ್ಟಕ್ಕೇ ಮಾತು ನಿಂತಿತೆಂದು ವಿತಾಂತೋನಿಯೊ ಸಮಾಧಾನಪಟ್ಟ.

ಮಾತು ನಿಂತಿರಲಿಲ್ಲ. ಆ ವಾರದ ನಡುವೆ, ತಾರಂತೋದಲ್ಲಿರುವ ಅವಳ ಇಮ್ಮಕೊಲಾತ ದೊಡ್ಡಮ್ಮ ಜ್ವರ ಬಂದು ಮಲಗಿದ್ದಾರೆಂದು ಸುದ್ದಿ ಬಂತು. ತೊಂಬತ್ತರ ಮುದುಕಿ. ಈ ಸಲ ಏಳುವುದು ಅನುಮಾನವೆಂದು ಓಣಿಯಲ್ಲೆಲ್ಲ ಮಾತಾಯಿತು. ಅದ್ದೊಲೊರಾತ ಚೀಲ ತುಂಬಿಕೊಂಡು ಬಾಗಿಲಲ್ಲಿ ನಿಂತು ಹೇಳಿದಳು:

"ಭಾನುವಾರ ಸಂಜೆ ಬಸ್ಸಿಗೆ ಬರ್ತೀನಿ. ಒಲೆ ಮೇಲೆ ನಿನ್ನ ಕೈಯಾರೆ ಮಾಡಿದ ಸೂಗೊ ಇರಬೇಕು. ಇಲ್ಲ ಅಂದ್ರೆ ಇನ್ಮೇಲೆ ಭಾನುವಾರಾನೂ ಬೇಳೇನೇ."

"ಎಲ್ಲಿವರೆಗೆ?"

"ನಾನು ಇರೋವರೆಗೆ."

ಇಟಲಿಯ ಬೂಟಿನ ಹಿಮ್ಮಡಿಯಲ್ಲಿರುವ ನಮ್ಮೂರಲ್ಲಿ ಭಾನುವಾರ ಸೂಗೊ ಇಲ್ಲದೆ ಬದುಕುವುದೆಂದರೆ ಬಾವಿಯ ಪಕ್ಕ ಕುಳಿತು ಬಾಯಾರಿದಂತೆ. ಅಕ್ಕಪಕ್ಕದ ಮನೆಗಳ ವಾಸನೆಯಂತೂ ಬಂದೇ ಬರುತ್ತದೆ. ವಿತಾಂತೋನಿಯೊ ಹೆದರಿದ. ಆದರೆ ಹೆದರಿದ್ದನ್ನು ಒಪ್ಪಿಕೊಳ್ಳಲಿಲ್ಲ.

ಭಾನುವಾರ ಬಂತು. ಟೊಮೇಟೊ, ಎಣ್ಣೆ, ಉಪ್ಪು. ಇದಕ್ಕೆ ಎಷ್ಟು ಹೊತ್ತು ಬೇಕು? ಬಸ್ಸು ಬರುವುದು ಸಂಜೆಗೆ, ಮಧ್ಯಾಹ್ನ ಒಲೆ ಹಚ್ಚಿದರೆ ಸಾಕೆಂದು ಅವನು ಬಿಸಿಲೇರುವವರೆಗೆ ಮಲಗಿದ. ಓಣಿಯ ಹೆಂಗಸರೆಲ್ಲ ಕತ್ತಲಿರುವಾಗಲೇ ಎದ್ದು ಸೂಗೊವನ್ನು ಸಣ್ಣ ಉರಿಗೆ ಇಡುವುದು ಹೊತ್ತು ಹೋಗದೆ ಅಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ. ಎದ್ದ ಮೇಲೆ ಕಿಟಕಿಗಳ ಹಲಗೆ ಬಾಗಿಲುಗಳನ್ನೆಲ್ಲ ಎಳೆದುಕೊಂಡ. ತಾನು ಅಡುಗೆ ಮಾಡುವುದು ಓಣಿಗೆ ಗೊತ್ತಾದರೆ ಒಬ್ಬಳು ಬೆಳ್ಳುಳ್ಳಿ ಹಾಕು ಎನ್ನುತ್ತಾಳೆ, ಇನ್ನೊಬ್ಬಳು ತೆಗೆ ಎನ್ನುತ್ತಾಳೆ. ಅಂಗಿಗೆ ಕಲೆಯಾಗದಿರಲೆಂದು ಹಳೆಯ ರೈಲ್ವೆ ಕೋಟನ್ನು ತೊಟ್ಟ. ಅದು ಅಚ್ಚ ಕಪ್ಪು. ಈರುಳ್ಳಿ ಎಷ್ಟು ಬೇಕೆಂದು ತಿಳಿಯದೆ, ಗೋಡೆಗೆ ನೇತುಹಾಕಿದ್ದ ಈರುಳ್ಳಿಯ ಜಡೆಯನ್ನೇ ಬಿಚ್ಚಿ, ಕೊನೆಯವರೆಗೂ ಸುಲಿದು ಹೆಚ್ಚತೊಡಗಿದ.

ಚರ್ಚಿನಿಂದ ಬರುತ್ತಿದ್ದ ಪಕ್ಕದ ಮನೆಯ ನುನ್ಸಿಯೆಲ್ಲ ಆ ಬಾಗಿಲ ಮುಂದೆ ತಟ್ಟನೆ ನಿಂತಳು. ಭಾನುವಾರ ಈ ಹೊತ್ತಿನಲ್ಲಿ ಈ ಮನೆಯಿಂದ ಸೂಗೊ ವಾಸನೆ ಬಾರದೇ ಇದ್ದದ್ದನ್ನು ಅವಳು ಮದುವೆಯಾಗಿ ಬಂದಾಗಿನಿಂದ ಕಂಡಿರಲಿಲ್ಲ. ಕಿಟಕಿಗಳು ಬೇರೆ ಮುಚ್ಚಿದ್ದವು. ಮೆಲ್ಲಗೆ ಬಾಗಿಲು ತಟ್ಟಿದಳು.

ಕತ್ತಲೆ ಮನೆಯೊಳಗಿಂದ ಕರಿಕೋಟಿನ ವಿತಾಂತೋನಿಯೊ ಇಣುಕಿದ. ಕಣ್ಣುಗಳು ಮೆಣಸಿನಕಾಯಿಯಂತೆ ಕೆಂಪಾಗಿ ನೀರು ಸುರಿಸುತ್ತಿದ್ದವು.

ಮುಚ್ಚಿದ ಕಿಟಕಿ, ಕಪ್ಪು ಬಟ್ಟೆ ನಮ್ಮಲ್ಲಿ ಸೂತಕದ ಗುರುತು. ಸಾವಿನ ಮನೆಯ ಬಾಗಿಲಲ್ಲಿ ನಿಂತು ಯಾರು, ಏನು, ಯಾವಾಗ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ನುನ್ಸಿಯೆಲ್ಲ ಅವನ ಎರಡೂ ಕೈ ಹಿಡಿದು, "ಗಟ್ಟಿ ಮನಸ್ಸು ಮಾಡ್ಕೊಳಪ್ಪ," ಎಂದಳು.

ಹೆಂಡತಿ ತಾನು ಹಾಕಿದ ಸವಾಲನ್ನು ಇವಳಿಗೆ ಮೊದಲೇ ಹೇಳಿ ಹೋಗಿರಬೇಕೆಂದು ಭಾವಿಸಿ ವಿತಾಂತೋನಿಯೊ ಮೂಗೊರೆಸಿಕೊಂಡ. "ಮಾಡ್ಕೊಂಡಿದೀನಿ. ಹೇಗೋ ಸಂಜೆಯೊಳಗೆ ಮುಗಿಸ್ತೀನಿ ಅಕ್ಕಾ."

"ಅಯ್ಯೋ, ನೀನೊಬ್ಬನೇ ಏನು ಮಾಡ್ತೀಯ? ನಾವೆಲ್ಲ ಇದೀವಿ," ಎಂದು ಕಣ್ಣೊರೆಸಿಕೊಳ್ಳುತ್ತ ನುನ್ಸಿಯೆಲ್ಲ ಹೊರಟಳು. ಅವಳು ಓಣಿಯ ತುದಿ ಮುಟ್ಟುವಷ್ಟರಲ್ಲಿ ಇಮ್ಮಕೊಲಾತ ದೊಡ್ಡಮ್ಮ ತೀರಿಹೋಗಿದ್ದರು.

ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದು, ನೆರೆಯವರೇ ಊಟ ತಂದು ಕೊಡಬೇಕು. ಆ ಊಟಕ್ಕೆ ನಮ್ಮಲ್ಲಿ ಕೊನ್ಸೊಲೊ ಎನ್ನುತ್ತಾರೆ. ಮೊದಲು ಬಂದವಳು ಎದುರು ಮನೆಯ ರೊಸಾರಿಯಾ, ಬಿಳಿ ಬಟ್ಟೆ ಮುಚ್ಚಿದ ಕೋಳಿ ಸಾರು ಹೊತ್ತು. ಅವಳ ಬೆನ್ನಿಗೇ ಅವರೆಯಂಥ ದಪ್ಪ ಕಾಳನ್ನು ಬೇಯಿಸಿ ಅರೆದು, ಕಹಿಸೊಪ್ಪಿನ ಜೊತೆ ಹಸಿ ಎಣ್ಣೆ ಸುರಿದ ಬಟ್ಟಲು ಬಂತು. ಆಲೂಗೆಡ್ಡೆ, ಅಕ್ಕಿ, ಚಿಪ್ಪುಮೀನು ಪದರಪದರವಾಗಿ ಬೇಯಿಸಿದ ಮಣ್ಣಿನ ತಟ್ಟೆ ಬಂತು. ಕೈಯಲ್ಲಿ ಒತ್ತಿದ ಕಿವಿಯಾಕಾರದ ಪಾಸ್ತಾ ಬಂತು. ಚಕ್ಕಡಿಯ ಚಕ್ರದಷ್ಟು ದೊಡ್ಡ ಬ್ರೆಡ್ಡು ಬಂತು.

"ಇದೆಲ್ಲ ಯಾಕೆ?" ಎಂದು ಕೇಳಿದ ವಿತಾಂತೋನಿಯೊ ಕೈಯಲ್ಲಿ ಇನ್ನೂ ಈರುಳ್ಳಿ ಹಿಡಿದೇ ಇದ್ದ.

"ನೀನು ಕೂತ್ಕೋ," ಎಂದ ಕ್ಷೌರಿಕ ಕತಾಲ್ದೊ. ಅವನು ಬರಿಗೈಯಲ್ಲಿ ಬಂದಿದ್ದರಿಂದ ಎಲ್ಲರಿಗಿಂತ ಗಟ್ಟಿಯಾಗಿ ನಿಟ್ಟುಸಿರು ಬಿಡುತ್ತಿದ್ದ. "ಅಳು ಬಂದ್ರೆ ಅತ್ತುಬಿಡು. ನನ್ನ ಹತ್ರ ನಾಚಿಕೆ ಏನು? ನಿನ್ನ ಗಡ್ಡ ಬೋಳಿಸೋನು ನಾನು."

"ಇದು ಈರುಳ್ಳಿ ಮಾರಾಯ. ಯಾರೂ ಸತ್ತಿಲ್ಲ."

ನುನ್ಸಿಯೆಲ್ಲ ಅವನ ತಲೆ ಸವರಿದಳು. "ಹೌದಪ್ಪ. ನಮಗೆ ಬೇಕಾದವರು ಯಾವತ್ತೂ ಸಾಯಲ್ಲ."

"ಹಾಗಲ್ಲ ಅಕ್ಕಾ. ನಾನು ಅಡುಗೆ ಮಾಡ್ತಿದ್ದೆ."

ಇದನ್ನು ಕೇಳಿ ಉಳಿದಿದ್ದ ಸಂಶಯವೂ ಹೋಯಿತು. ವಿತಾಂತೋನಿಯೊ ಅಡುಗೆ ಮಾಡುವುದೆಂದರೇನು? ಕಳೆದ ಈಸ್ಟರಿಗೆ ಮೊಟ್ಟೆ ಬೇಯಿಸಲು ಹೋಗಿ ಪಾತ್ರೆಗೆ ನೀರು ಹಾಕುವುದನ್ನು ಮರೆತವನು. ದುಃಖ ನೇರ ತಲೆಗೇ ಏರಿದೆಯೆಂದು ಹೆಂಗಸರು ಮುಖ ಮುಖ ನೋಡಿಕೊಂಡರು. ಅವನು ಒಲೆಯತ್ತ ಓಡಿ ಕಡ್ಡಿ ಗೀರಿದ. ಕತಾಲ್ದೊ ಊದಿ ಆರಿಸಿದ. ಇನ್ನೊಂದು ಗೀರಿದ. ಅದನ್ನು ರೊಸಾರಿಯಾ ಆರಿಸಿದಳು. ಕೊನೆಗೆ ನುನ್ಸಿಯೆಲ್ಲ ಪಾತ್ರೆ, ಟೊಮೇಟೊ, ಹೆಚ್ಚಿದ ಈರುಳ್ಳಿ ಎಲ್ಲವನ್ನೂ ಬಾಚಿಕೊಂಡು, "ಇವು ಕಣ್ಣೆದುರಿಗಿದ್ರೆ ಇವನಿಗೆ ಸಮಾಧಾನ ಆಗಲ್ಲ," ಎಂದು ತನ್ನ ಮನೆಗೆ ಸಾಗಿಸಿದಳು.

ತಾರಂತೋಗೆ ಫೋನ್ ಮಾಡಿ ಎಂದು ವಿತಾಂತೋನಿಯೊ ಅಂಗಲಾಚಿದ. ಆಗ ಓಣಿಗೆಲ್ಲ ಇದ್ದದ್ದು ಪಾದ್ರಿಗಳ ಮನೆಯ ಫೋನ್ ಒಂದೇ. ಪಾದ್ರಿಗಳು ಊಟ ಮಾಡಿ ಮಲಗಿದ್ದರು. "ಹೋದವರ ಮನೆಗೆ ಫೋನ್ ಮಾಡಿ ಏನಂತ ಕೇಳ್ತೀಯಪ್ಪ?" ಎಂದಳು ರೊಸಾರಿಯಾ, ತುಂಬ ಮೃದುವಾಗಿ.

ಮಧ್ಯಾಹ್ನವೆಲ್ಲ ಅವನು ಆ ಪಾತ್ರೆಗಳ ನಡುವೆ ಹಸಿದು ಕುಳಿತಿದ್ದ. ಚಮಚ ಎತ್ತಿದಾಗಲೆಲ್ಲ ಯಾರೋ ಒಬ್ಬರು ಬಂದು ತಬ್ಬಿಕೊಳ್ಳುತ್ತಿದ್ದರು, ಸಾರು ಅವರ ಬೆನ್ನ ಮೇಲೆ ಚೆಲ್ಲುತ್ತಿತ್ತು. ಬೆನ್ನು ಸುಟ್ಟವರ ಕಣ್ಣಲ್ಲಿ ನೀರು ಬರುತ್ತಿತ್ತು, ಅದನ್ನು ಕಂಡು ಉಳಿದವರೂ ಅಳುತ್ತಿದ್ದರು.

ಬಿಸಿಲು ಇಳಿಯುವಾಗ ನುನ್ಸಿಯೆಲ್ಲ ಮತ್ತೆ ಬಂದಳು. ಕೈಯಲ್ಲಿ ಅವನದೇ ಪಾತ್ರೆ. "ಟೊಮೇಟೊ ಕೆಟ್ಟುಹೋಗ್ತಿತ್ತು, ಅದಕ್ಕೇ ಸೂಗೊ ಮಾಡಿಬಿಟ್ಟೆ." ಮುಚ್ಚಳ ತೆಗೆದಳು. ಈರುಳ್ಳಿ, ಟೊಮೇಟೊ, ಕಾಮಕಸ್ತೂರಿ.

ವಿತಾಂತೋನಿಯೊನ ಎದೆಯಲ್ಲಿ ದೀಪ ಹೊತ್ತಿತು. ಪಾತ್ರೆ ತನ್ನದು, ಟೊಮೇಟೊ ತನ್ನದು, ಈರುಳ್ಳಿಗೆ ಅತ್ತದ್ದು ತಾನು. ಇದನ್ನು ಒಲೆಯ ಮೇಲಿಟ್ಟು ಬಾಯಿ ಮುಚ್ಚಿಕೊಂಡು ನಿಂತರೆ ಸಾಕು. ಅವನು ಪಾತ್ರೆಯನ್ನು ಎತ್ತಿ ತಣ್ಣಗಿದ್ದ ಒಲೆಯ ಮೇಲಿಟ್ಟ. ಅಷ್ಟರಲ್ಲಿ ಬಾಗಿಲು ತೆರೆಯಿತು.

ಅದ್ದೊಲೊರಾತ ನಿಂತಿದ್ದಳು. ಅವಳ ತೋಳು ಹಿಡಿದು, ಕೋಲೂರಿಕೊಂಡು, ಒಳ್ಳೆಯ ಶಾಲು ಹೊದ್ದು ಇಮ್ಮಕೊಲಾತ ದೊಡ್ಡಮ್ಮ ನಿಂತಿದ್ದರು.

ನುನ್ಸಿಯೆಲ್ಲ ಶಿಲುಬೆಯ ಗುರುತು ಹಾಕಿಕೊಂಡಳು. ಕತಾಲ್ದೊ ಬಿಡುತ್ತಿದ್ದ ನಿಟ್ಟುಸಿರು ಅರ್ಧಕ್ಕೇ ನಿಂತಿತು.

"ಜ್ವರ ಇಳೀತು, ಹವಾ ಬದಲಾಗ್ಲಿ ಅಂತ ಕರ್ಕೊಂಡು ಬಂದೆ," ಎಂದಳು ಅದ್ದೊಲೊರಾತ. "ಇದೇನು ಇಷ್ಟೊಂದು ಜನ?"

ಕತಾಲ್ದೊ ಗಂಟಲು ಸರಿಪಡಿಸಿಕೊಂಡ. "ದೊಡ್ಡಮ್ಮ ಬರ್ತಾರೆ ಅಂತ ಗೊತ್ತಾಯ್ತು. ಊಟಕ್ಕೆ ಒಂದಿಷ್ಟು ತಂದ್ವಿ."

ಮುದುಕಿ ಎಲ್ಲರ ಕೆಂಪು ಕಣ್ಣುಗಳನ್ನು ಒಂದೊಂದಾಗಿ ನೋಡಿ, ಮೇಜಿನ ಮುಂದೆ ಕುಳಿತು, ಸಾರಿನಿಂದ ಶುರುಮಾಡಿದರು.

ಅದ್ದೊಲೊರಾತ ನೇರ ಒಲೆಗೆ ಹೋಗಿ ಚಮಚ ಅದ್ದಿದಳು. ಕಣ್ಣು ಮುಚ್ಚಿ ರುಚಿ ನೋಡಿದಳು.

"ತುಂಬ ಚೆನ್ನಾಗಿದೆ," ಎಂದಳು ಅವಳು ಬೆರಗಾಗಿ.

"ನಿಜವಾಗ್ಲೂನಾ?" ಎಂದು ಮುಖ ಅರಳಿಸಿದಳು ನುನ್ಸಿಯೆಲ್ಲ. "ಅಳ್ತಾ ಅಳ್ತಾ ಮಾಡಿದ್ದು ಕಣೆ, ಉಪ್ಪು ಒಂದು ಚೂರು ಜಾಸ್ತಿ ಆಯ್ತೇನೋ ಅಂತಿದ್ದೆ."

ಅದ್ದೊಲೊರಾತ ಚಮಚ ಕೆಳಗಿಟ್ಟು ಗಂಡನತ್ತ ನೋಡಿದಳು. ಅವನು ಕೋಟಿನ ಗುಂಡಿ ನೋಡಿಕೊಂಡ.

"ಬೇಳೆ," ಎಂದಳು ಅವಳು. ಆಮೇಲೆ ಮೇಜಿನ ಮೇಲಿನ ಬಟ್ಟಲು, ತಟ್ಟೆ, ಪಾತ್ರೆಗಳ ಮೇಲೆ ಕಣ್ಣಾಡಿಸಿದಳು. "ಮತ್ತೆ, ಇವನ್ನೆಲ್ಲ ಖಾಲಿ ವಾಪಸ್ ಕೊಡೋಕಾಗಲ್ಲ. ತಗೊಂಡೋನು ನೀನು. ಏನಾದ್ರೂ ಮಾಡಿ ತುಂಬ್ಸಿ ಕೊಡೋನೂ ನೀನೇ."

ನೆರೆಯವರು ಒಬ್ಬೊಬ್ಬರಾಗಿ ಜಾರಿಕೊಂಡರು. ಅದ್ದೊಲೊರಾತ ದೊಡ್ಡಮ್ಮನ ಹಾಸಿಗೆ ಹಾಸಲು ಒಳಗೆ ಹೋದಳು. ಮುದುಕಿ ಚಿಪ್ಪುಮೀನಿನ ತಟ್ಟೆಯನ್ನು ಹತ್ತಿರ ಎಳೆದುಕೊಂಡರು.

"ಮೊದಲು ಕೋಳಿ ಸಾರು," ಎಂದರು ಮೆಲುದನಿಯಲ್ಲಿ. "ಬಿಳಿ ಬಟ್ಟೆ ಮುಚ್ಚಿದ್ದು. ನಾನೂ ಬೇಕಾದಷ್ಟು ಸಾವಿನ ಮನೆಗೆ ಹೊತ್ಕೊಂಡು ಹೋಗಿದೀನಪ್ಪ. ನಂಗೆ ಗೊತ್ತಾಗಲ್ವಾ?"

"ದೊಡ್ಡಮ್ಮ, ಅದು..."

"ಸುಮ್ನಿರು, ನಂಗೆ ಗೊತ್ತಾಯ್ತು ಅಂತ ಅವರಿಗೆ ಹೇಳ್ಬೇಡ, ನೊಂದ್ಕೋತಾರೆ. ಆ ಪಕ್ಕದ ಮನೆಯವಳ ಕಣ್ಣು ನೋಡಿದ್ಯಾ, ಹೇಗೆ ಊದಿತ್ತು? ನನಗೋಸ್ಕರ ಇಷ್ಟು ಚೆನ್ನಾಗಿ ಅಳೋರು ತಾರಂತೋದಲ್ಲಿ ಯಾರೂ ಇಲ್ಲ. ನಾನು ಇಲ್ಲೇ ಇದ್ಬಿಡ್ತೀನಿ."

ಮುಂದಿನ ಭಾನುವಾರಗಳು ವಿತಾಂತೋನಿಯೊನ ಕಣ್ಣ ಮುಂದೆ ಸಾಲಾಗಿ ಹಾದುಹೋದವು: ಬೇಳೆ, ತುಂಬಿಸಬೇಕಾದ ತಟ್ಟೆಗಳು, ದೊಡ್ಡಮ್ಮ. ಬೆಳಗಿನಿಂದ ಖಾಲಿಯಿದ್ದ ಅವನ ಹೊಟ್ಟೆ ಗಟ್ಟಿಯಾಗಿ ಗುರುಗುಟ್ಟಿತು.

ಮುದುಕಿ ಒಳಕೋಣೆಯತ್ತ ಒಮ್ಮೆ ಕಣ್ಣು ಹಾಯಿಸಿದರು. ಆಮೇಲೆ ಒಂದು ತಟ್ಟೆಗೆ ಪಾಸ್ತಾ ಬಡಿಸಿ, ಮೇಲೆ ಸೂಗೊ ಸುರಿದು, ಬ್ರೆಡ್ಡಿನ ಗಟ್ಟಿ ಅಂಚನ್ನು ಮುರಿದು ಕೆಂಪಿನಲ್ಲಿ ಅದ್ದಿ ತಟ್ಟೆಯಲ್ಲೇ ಇಟ್ಟು, ಯಾರಿಗೂ ಕಾಣದಂತೆ ಅವನ ಕೈಗಿತ್ತರು.