ಬೂಸಾ ಚೀಲವೂ ಬೋರಲಿಂಗಯ್ಯನ ಮೀಸೆಯೂ

ಬೋರಲಿಂಗಯ್ಯ: ರಾಗಿ ತುಂಬಾಕೆ ಚೀಲ ತತ್ತಾ ಅಂದ್ರೆ ಇದೇನಮ್ಮಿ ತಂದಿರಾದು?

ಮುನಿಯಮ್ಮ: ಚೀಲನೇ. ಹಿಡಿ ಐತೆ, ಜಿಪ್ ಐತೆ, ಒಳ್ಗಡೆ ಮೊಬೈಲಿಗೆ ಬ್ಯಾರೆ ಜೇಬೈತೆ.

ಬೋರಲಿಂಗಯ್ಯ: ನನ್ ರಾಗಿ ಯಾರ್ಗೂ ಫೋನ್ ಮಾಡಕಿಲ್ಲ. ಖಾಲಿ ಬೂಸಾ ಚೀಲ ಹದಿನಾಲ್ಕಿದ್ವಲ್ಲ, ಅವೆಲ್ಲಿ?

ಕಣದಲ್ಲಿ ಐದಾರು ಮೂಟೆಯಷ್ಟು ರಾಗಿ ರಾಶಿ ಬಿದ್ದಿತ್ತು. ಮಾಗಡಿ ಕಡೆಯಿಂದ ಮೋಡ ಮೇಲೇಳುತ್ತಿತ್ತು. ರಾಗಿ ನೆನೆದರೆ ವರ್ಷವಿಡೀ ಮುದ್ದೆಗೆ ಪರದಾಟ. ಇದ್ದೊಂದು ಟಾರ್ಪಾಲನ್ನು ಬೋರಲಿಂಗಯ್ಯನೇ ದೊಡ್ಡ ಮನುಷ್ಯನ ಹಾಗೆ ಪಕ್ಕದ ಕೆಂಪರಾಜುವಿಗೆ ಕೊಟ್ಟು ಕಳಿಸಿದ್ದ. ಹೆಂಡತಿಗೆ ಮಾತ್ರ ಯಾವ ಆತುರವೂ ಇರಲಿಲ್ಲ.

ಮುನಿಯಮ್ಮ: ಅವೇ ಇವು. ಕತ್ತರ್ಸಿ ನಲವತ್ತೆರಡು ಬ್ಯಾಗ್ ಹೊಲ್ದಿವ್ನಿ. ಸ್ಕೂಲ್ ಟೀಚರ್ ಸುಮನಮ್ಮ ಮಗಳ ಮದ್ವೆಲಿ ತಾಂಬೂಲ ಕೊಡಾಕೆ ನಾಳಿಕ್ ತಗೊಂಡೋಯ್ತಾರೆ.

ಬೋರಲಿಂಗಯ್ಯ: ಬೂಸಾ ಚೀಲ್ದಲ್ಲಿ ತಾಂಬೂಲ. ನೆಂಟ್ರೆಲ್ಲ ಅಂಬಾ ಅಂದ್ಕಂಡೇ ಮನೆಗೋಯ್ತಾರೆ ಬುಡು. ಯಾರ್ನ ಕೇಳಿ ಕತ್ತರಿ ಹಾಕ್ದೆ?

ಮುನಿಯಮ್ಮ: ನಿನ್ನೇ. ‘ಕೊಟ್ಟಿಗೆಲಿ ಬಿದ್ದಿರೋ ಕಸ, ಏನಾರ ಮಾಡ್ಕೊ. ನಿನ್ ಬ್ಯಾಗ ನಾನೇನಾರ ಮುಟ್ಟುದ್ರೆ ಮೀಸೆ ಬೋಳಿಸ್ಕತೀನಿ’ ಅಂದೆ. ಎದುರ್ಮನೆ ವೆಂಕಟಯ್ಯಣ್ಣನೂ ಅಲ್ಲೇ ಇದ್ದ. ಸಾಕ್ಷಿಗೆ ಕರೀಲಾ?

ಬೋರಲಿಂಗಯ್ಯನ ಕೈ ತಾನಾಗಿ ಮೀಸೆಗೆ ಹೋಯಿತು. ಮೂವತ್ತು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ. ಕೊಟ್ಟಿಗೆಯ ಹಸುವಿಗೂ ಅಷ್ಟು ಆರೈಕೆ ಆಗಿರಲಿಲ್ಲ.

ಬೋರಲಿಂಗಯ್ಯ: ಒಂದ್ ಕೆಲ್ಸ ಮಾಡಣ. ನೀನ್ ಬ್ಯಾಗ್ ಹಿಡ್ಕೊ, ನಾನ್ ಮೊರದಲ್ಲಿ ಸುರಿತೀನಿ. ಮುಟ್ಟಕಿಲ್ಲ.

ಮುನಿಯಮ್ಮ: ಆಮೇಕೆ ಒಳಿಕ್ ಹೊತ್ಕಂಡೋಗಾಕೆ ನಿನ್ ಮೀಸೆ ಬತ್ತೈತಾ?

ಗುಡುಗಿತು. ಮೀಸೆ ತಿಂಗಳಿಗೆ ಬೆಳೆಯುತ್ತದೆ, ರಾಗಿ ಬೆಳೆಯಲು ಇನ್ನೊಂದು ಮುಂಗಾರು ಬರಬೇಕು. ಹಾಳಾಗಿ ಹೋಗಲಿ ಎಂದು ಬ್ಯಾಗಿಗೆ ಕೈ ಹಾಕಿದವನು ತಲೆಯೆತ್ತಿದ್ದು ನಲವತ್ತೆರಡನೆಯದು ಪಡಸಾಲೆ ಸೇರಿದ ಮೇಲೆಯೇ.

ಬೋರಲಿಂಗಯ್ಯ: ಹೊಲಿಗೆ ಗಟ್ಟಿಗೈತೆ ಕಣಮ್ಮಿ. ಒಂದ್ ಕಾಳೂ ಉದ್ರಿಲ್ಲ.

ಮುನಿಯಮ್ಮ: ಕಸ ಅಲ್ವಾ, ಅದ್ಕೇ.

ಮಾತು ತಪ್ಪಿಸಿಕೊಳ್ಳಲು ಅವನು ಹೊರಗೆ ಬಂದ. ಕಣದ ತುಂಬ ಬಿಸಿಲು. ಒಂದು ಹನಿಯೂ ಬಿದ್ದಿರಲಿಲ್ಲ.

ಬೋರಲಿಂಗಯ್ಯ: ಥೂ ಇದ್ರ, ಮೋಡ ಎಲ್ಲೋಯ್ತಮ್ಮಿ?

ಮುನಿಯಮ್ಮ: ಕುದೂರ್ ಕಡಿಕೆ. ನೀನೂ ಹಂಗೇ ಹೋಗ್ಬಾ, ಕ್ಷೌರದಂಗ್ಡಿ ಅಲ್ಲೇ ಐತೆ.