ಹೂಮಳೆ ಬಿದ್ದ ರನ್‌ವೇ

"ಮದುವೆಗೆ ಮೊದ್ಲು ಆಯಿಷಾನ ಒಂದ್ಸಲ ವಿಮಾನ ಹತ್ತಿಸ್ತೀನಿ" ಎಂದು ಬಣಕಲ್ಲಿನ ಜೀಪ್ ಮೆಕ್ಯಾನಿಕ್ ಮೊಯ್ದು ಹನ್ನೆರಡು ವರ್ಷದ ಹಿಂದೆ, ಹಾಸಿಗೆ ಹಿಡಿದಿದ್ದ ಹೆಂಡತಿ ಜೊಹರಾಗೆ ಮಾತು ಕೊಟ್ಟಿದ್ದ. ಆಯಿಷಾ ಆಗ ವಿಮಾನದ ಸದ್ದು ಕೇಳಿದರೆ ಅನ್ನದ ತಟ್ಟೆ ಬಿಟ್ಟು ಅಂಗಳಕ್ಕೆ ಓಡುವ ಆರು ವರ್ಷದ ಕೂಸು. ಜೊಹರಾ ಆ ವಾರವೇ ತೀರಿಕೊಂಡಳು. ಈಗ ಮಗಳ ಮದುವೆಗೆ ಮೂರೇ ದಿನ ಉಳಿದಿತ್ತು.

ಎಸ್ಟೇಟಿನ ಸೋಮಶೇಖರಪ್ಪನವರು ಗುಡ್ಡದ ಮೇಲೆ ಮಣ್ಣಿನ ರನ್‌ವೇ ಮಾಡಿಸಿದ್ದರು. ಅವರ ಭಾವಮೈದ, ತನಗೆ ಬಿಡುವಿದ್ದ ಒಂದೇ ದಿನವಾದ ಆ ಮಂಗಳವಾರ, ಪುಟ್ಟ ವಿಮಾನ ತಂದಿಳಿಸಿ, ಆಯಿಷಾಳನ್ನು ಒಂದು ಸುತ್ತು ಹಾರಿಸುವುದೆಂದು ಮಾತಾಗಿತ್ತು.

ಬೆಳಿಗ್ಗೆ ಹೂಮಳೆ ಹೊಯ್ಯಿತು. ಕಾಫಿ ಹೂ ಅರಳುತ್ತದೆಂದು ಊರೆಲ್ಲ ಹಿಗ್ಗಿತು. ಮೊಯ್ದುವಿನ ಮುಖ ಮಾತ್ರ ಒದ್ದೆ ಗೋಣಿಯಂತೆ ಇಳಿಬಿತ್ತು. ಭಾವಮೈದ ಮೊದಲೇ ಬರೆದು ತಿಳಿಸಿದ್ದ: ಮಳೆ ಬಂದರೆ ವಿಮಾನ ಇಳಿಯುವ ತುದಿಯಲ್ಲಿ ಜೀಪನ್ನು ನಲವತ್ತು ಮೈಲಿ ವೇಗದಲ್ಲಿ ಓಡಿಸಿ ಬ್ರೇಕ್ ಒತ್ತಿ. ನೂರೈವತ್ತು ಅಡಿಯೊಳಗೆ ಜೀಪು ನಿಂತರೆ ವಿಮಾನವೂ ನಿಲ್ಲುತ್ತದೆ, ಬಿಳಿ ಬಟ್ಟೆ ಬೀಸಿ. ನಿಲ್ಲದಿದ್ದರೆ ಕೆಂಪು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗಂಗಾಧರಪ್ಪ ಅಳತೆ ಟೇಪು ಹಿಡಿದು ನಿಂತ. "ಬ್ರೇಕ್ ಮೇಲೆ ಎದ್ ನಿಂತ್ಬಿಡು ಮಾರಾಯ!"

ಮೊಯ್ದು ಒತ್ತಿದ. ಜೀಪು ಮುನಿಸಿಕೊಂಡು ಹೊರಟ ಬೀಗರ ಹಾಗೆ, ಯಾರು ಕೂಗಿದರೂ ನಿಲ್ಲದೆ ಜಾರಿ, ರೈಟರ ಕೊಡೆ ತುಳಿದು, ಪಕ್ಕದ ಕಾಫಿ ಗಿಡಗಳೊಳಗೆ ಮೂತಿ ತೂರಿಸಿತು. ಇನ್ನೂರ ಇಪ್ಪತ್ತು ಅಡಿ.

ಅಷ್ಟರಲ್ಲೇ ಆಕಾಶದಲ್ಲಿ ಸದ್ದು.

"ಬಿಳೀದೇ ಬೀಸು ಮಾರಾಯ, ಯಾರಿಗ್ ಗೊತ್ತಾಗುತ್ತೆ? ನಿನ್ ಮಗಳು ಹೊಸ ಬಟ್ಟೆ ಹಾಕ್ಕೊಂಡು ಕಾಯ್ತಾ ಇದ್ದಾಳೆ."

"ಅದ್ರೊಳಗೆ ಕೂತವ್ರಿಗೂ ಮಕ್ಕಳಿರ್ತಾರೆ ರೈಟ್ರೇ."

ಮೊಯ್ದು ಕೆಂಪು ಟವೆಲು ಬೀಸಿದ. ವಿಮಾನ ಎರಡು ಸುತ್ತು ಹಾಕಿ ತಿರುಗಿ ಹೋಯಿತು. ಅದು ಚುಕ್ಕಿಯಾಗುವವರೆಗೂ ಆಯಿಷಾ ಕೈ ಬೀಸಿದಳು.

ತಾಯಿಯಿಲ್ಲದ ಆಯಿಷಾಳನ್ನು ಎತ್ತಿ ಆಡಿಸಿದ್ದ ತೋಟದ ಆಳು ತಿಮ್ಮಮ್ಮ ಏದುಸಿರು ಬಿಡುತ್ತ ಬಂದಳು. "ಯಾಕಪ್ಪ ಮೊಯ್ದು, ಇಳೀಲೇ ಇಲ್ವಲ್ಲ? ನಮ್ ಕೂಸು ಹತ್ತೋ ವಿಮಾನ ಅಂತ ನಾಲ್ಕು ಹೆಂಗಸ್ರನ್ನ ಕಟ್ಕೊಂಡು ನಸುಕಿಗೇ ಬಂದಿದ್ದೆ. ಕಾಫಿ ಒಣಗಿಸೋ ಕಣದ ಹಾಗೆ, ಈ ತುದಿ ಪೂರಾ ಸಗಣಿ ಹಾಕಿ ಸಾರಿಸಿದೀನಿ!"

ಮೊಯ್ದು ಜೀಪಿನ ಚಕ್ರ ನೋಡಿದ. ಹಸಿರಾಗಿತ್ತು. ಸಾರಿಸಿದ ತುದಿಯಿಂದ ಮುಂದಕ್ಕೆ ರನ್‌ವೇ ಬರೀ ಜಲ್ಲಿಮಣ್ಣು. ಓಡಿದರೂ ಕಾಲು ಜಾರುವಂತಿರಲಿಲ್ಲ. ಗಂಗಾಧರಪ್ಪ ಬಾಯಿ ತೆರೆದ. ಮೊಯ್ದು ಅವನ ಕೈ ಹಿಡಿದು ಅದುಮಿದ.

"ಚೆನ್ನಾಗಿ ಸಾರಿಸಿದೀರಿ ತಿಮ್ಮಮ್ಮ," ಎಂದ. "ಮಳೇದೇ ತಪ್ಪು."

ಶುಕ್ರವಾರ ಆಯಿಷಾ ಬಸ್ಸು ಹತ್ತಿ ಗಂಡನ ಮನೆಗೆ ಹೋದಳು. ಜೊಹರಾಗೆ ಕೊಟ್ಟ ಮಾತು ನಡೆಯಲಿಲ್ಲ.