ದಾಸವಾಳದ ಮರೆಯಲ್ಲಿ

ಭಾನುವಾರದ ಪದಬಂಧವನ್ನು ಒಬ್ಬನೇ ಕೂತು ಬಿಡಿಸಬೇಕೆನ್ನುವುದು ಅಂಥ ದುರಾಸೆಯೇನಲ್ಲ. ಆದರೂ ಮುದ್ರಣಾಲಯದಲ್ಲಿ ಕರಡು ತಿದ್ದುವ ಆ ಗುಮಾಸ್ತನಿಗೆ ಅದು ಇಷ್ಟು ವರ್ಷ ಕೈಗೂಡಿರಲಿಲ್ಲ. ರಜೆಯ ದಿನ ಅಂಗಳದಲ್ಲಿ ಕುರ್ಚಿ ಹಾಕಿ ಪೆನ್ಸಿಲು ಹಿಡಿದರೆ ಸಾಕು, ಮೋಟುಗೋಡೆಯಾಚೆಯಿಂದ ನಿವೃತ್ತ ಸ್ಟೇಷನ್ ಮಾಸ್ತರರ ದನಿ ಮೊಳಗುತ್ತಿತ್ತು. ಅವರ ಮನೆಗೂ ಅದೇ ಪತ್ರಿಕೆ. ದನಿಯಂತೂ ಪ್ಲಾಟ್‌ಫಾರಮ್ಮಿನ ಎರಡೂ ತುದಿಗೆ ಕೇಳಲೆಂದೇ ಮಾಡಿಸಿದಂಥದ್ದು.

“ಎಡದಿಂದ ಬಲಕ್ಕೆ ಏಳು, ಮೊಸಳೆ ಕಣ್ರೀ! ಬರೀರಿ, ಬರೀರಿ!”

ಆ ಭಾನುವಾರ ಮೊಸಳೆ ಬಂದದ್ದೇ ತಡ, ಗುಮಾಸ್ತ ಪತ್ರಿಕೆ ಮಡಚಿ ಒಳಗೆ ಹೋದ. “ಗೋಡೆ ಎತ್ತರಿಸಿಬಿಡ್ತೀನಿ ಕಣೇ.”

“ಗೋಡೆ ಎಬ್ಬಿಸಿದ್ರೆ ಜಗಳಗಂಟ ಅಂತಾರೆ, ಹೂಗಿಡ ನೆಟ್ರೆ ರಸಿಕ ಅಂತಾರೆ. ನೀವೇ ನೋಡಿ,” ಎಂದಳು ಹೆಂಡತಿ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಗುಮಾಸ್ತ ಚಪ್ಪಲಿ ಮೆಟ್ಟಿ, ಬೆಕ್ಕಿನ ಹೆಜ್ಜೆ ಇಡುತ್ತ ಗೇಟು ತೆಗೆದ.

“ಎಲ್ಲಿಗೆ ಸವಾರಿ?” ಗೋಡೆಯಾಚೆಯಿಂದ ಮಾಸ್ತರರ ತಲೆ ಮೇಲೆದ್ದಿತು.

“ಗಿ... ಗಿಡ ತರೋಕೆ ಸಾರ್.”

“ಗಿಡ ಆರಿಸೋದಂದ್ರೆ ಹುಡುಗಾಟಾನಾ? ನಡೀರಿ, ನಾನೂ ಬರ್ತೀನಿ!”

ಯಾರಿಂದ ಮರೆಯಾಗಬೇಕಿತ್ತೋ ಅವರ ಹಿಂದೆಯೇ ಗುಮಾಸ್ತ ನರ್ಸರಿ ಸೇರಿದ.

“ಅಂದಕ್ಕೆ ಬೇಕಾ ಅಣ್ಣಾ, ಮರೆಗೆ ಬೇಕಾ?” ಎಂದು ಕೇಳಿದಳು ನರ್ಸರಿಯಾಕೆ.

ಗುಮಾಸ್ತ ಮಾಸ್ತರರತ್ತ ಓರೆಗಣ್ಣು ಹಾಯಿಸಿದ. “ಅಂದಕ್ಕೇ. ಆದ್ರೆ ಅಂದ ಸ್ವಲ್ಪ ಎತ್ತರಕ್ಕಿರ್ಲಿ.”

ಅವಳು ಕಣಗಿಲೆ ತೋರಿಸಿದಳು. ಮಾಸ್ತರರು ಕೈ ಅಡ್ಡ ಹಿಡಿದರು. “ವಿಷ! ಎಲೆ ಬಾಯಿಗೆ ಹೋದ್ರೆ ಕಥೆ ಮುಗೀತು.”

“ನಾನ್ಯಾಕೆ ಸಾರ್ ಎಲೆ ತಿನ್ಲಿ?”

“ಪದ ಹೊಳೀದಿದ್ರೆ ಪೆನ್ಸಿಲ್ ಅಗೀತೀರಲ್ಲ, ನಾನು ನೋಡಿಲ್ವಾ?”

ಕಾಗದದ ಹೂವಿನ ಸರದಿ ಬಂತು. “ಬರೀ ಮುಳ್ಳು! ನಾನು ಗೋಡೆಗೊರಗಿ ನಿಮ್ಮ ಹತ್ರ ಮಾತಾಡೋದು ಹೇಗೆ?” ಗುಮಾಸ್ತನ ಕಣ್ಣು ಅರಳಿತು. ಅಷ್ಟರಲ್ಲಿ ಮಾಸ್ತರರು ಆ ಕುಂಡಕ್ಕೆ ಕೆಂಪು ಬಾವುಟ ತೋರಿಸಿ ಆಗಿತ್ತು.

ಕೊನೆಗೆ ಅವರ ಮನಸ್ಸಿಗೆ ಬಂದದ್ದು ದಾಸವಾಳ. ಆಳೆತ್ತರದ್ದು, ಎಲೆ ದಟ್ಟ, ಹೂವಂತೂ ತಟ್ಟೆಯಷ್ಟಗಲ. ಗುಮಾಸ್ತನಿಗೆ ನಗು ತಡೆಯುವುದೇ ಕಷ್ಟವಾಯಿತು. ತಮ್ಮ ಕಿಟಕಿಗೆ ತಾವೇ ಪರದೆ ಆರಿಸಿಕೊಟ್ಟ ಪುಣ್ಯಾತ್ಮ!

“ಗೋಡೆಗೆ ಒತ್ತಿ ಬೆಳೆಸಿದ್ದು. ಹೂವೆಲ್ಲ ಒಂದೇ ಕಡೆ ಇವೆ. ಮುಖ ಯಾವ ಕಡೆ ಬೇಕು ಅಂತ ನೋಡ್ಕೊಂಡು ನೆಡಿ,” ಎಂದಳು ನರ್ಸರಿಯಾಕೆ.

ತಳ್ಳುಗಾಡಿ ಮನೆ ಮುಟ್ಟಿತು. “ಹಿಂದಕ್ಕೆ... ಇನ್ನೂ ಹಿಂದಕ್ಕೆ... ನಿಲ್ಲಿ!” ಎಂದು ಮಾಸ್ತರರು ಗಿಡಗಳನ್ನು ಬೋಗಿಗಳಂತೆ ಜೋಡಿಸಿದರು. ಗುಣಿ ತೋಡುತ್ತ ಗುಮಾಸ್ತನ ಸೊಂಟ ಬಿಲ್ಲಾಯಿತು. ಅವರು ಊಟಕ್ಕೆ ಹೋದದ್ದೇ, ಅವನು ಒಂದೊಂದು ಗಿಡವನ್ನೂ ತಿರುಗಿಸಿ ಹೂವೆಲ್ಲ ತನ್ನ ಕಡೆಗೆ ಮಾಡಿ ಮಣ್ಣು ಮುಚ್ಚಿದ. ಗಿಡ ತಂದವನಿಗೆ ಹೂವು, ಮೊಸಳೆ ಬಿಟ್ಟವರಿಗೆ ಕಡ್ಡಿ!

ಸಂಜೆ ಕುರ್ಚಿ ಹಾಕಿದ. ಆಚೆಮನೆ ಕಾಣಲಿಲ್ಲ. ದನಿಯೂ ಇಲ್ಲ. ಒಂದು ಪದ ತಾನಾಗಿ ಹೊಳೆಯಿತು. ಎರಡನೆಯದೂ ನಾಲಿಗೆಯ ತುದಿಗೆ ಬಂದಿತ್ತು, ಗೇಟು ಕಿರ್ರೆಂದಿತು. ತಲೆಯ ಮೇಲೆ ಕುರ್ಚಿ, ಕಂಕುಳಲ್ಲಿ ಪತ್ರಿಕೆ: ಮಾಸ್ತರರು!

“ಆ ಕಡೆಯಿಂದ ಬರೀ ಬೆನ್ನು ಕಾಣುತ್ತೆ ಸ್ವಾಮಿ. ಆರಿಸಿದೋನು ನಾನು, ಹೂವು ನೋಡೋದು ಬೇಡ್ವಾ?” ಎನ್ನುತ್ತ ಅವರು ಗುಮಾಸ್ತನ ಮೊಣಕೈಗೆ ತಾಗುವಂತೆ ಕುರ್ಚಿ ಊರಿದರು.

“ಅದಕ್ಕೇನಂತೆ ಅಣ್ಣಾ, ಇನ್ಮೇಲೆ ಭಾನುವಾರ ಇಲ್ಲೇ ಕೂತ್ಕೊಳ್ಳಿ,” ಎಂದಳು ಬಾಗಿಲಲ್ಲಿ ನಿಂತ ಹೆಂಡತಿ.

ಗುಮಾಸ್ತ ಅವಳನ್ನು ನೋಡಿದ, ಮಾಸ್ತರರನ್ನು ನೋಡಿದ. ಆಮೇಲೆ ತನ್ನ ಪತ್ರಿಕೆ ಹಿಡಿದು ಮೆಲ್ಲಗೆ ಎದ್ದು, ಗೇಟು ದಾಟಿ, ಮಾಸ್ತರರ ಖಾಲಿ ಅಂಗಳದ ಮೆಟ್ಟಿಲ ಮೇಲೆ ಕೂತ. ಆಹಾ! ನಡುವೆ ದಟ್ಟ ಎಲೆ, ಸುತ್ತ ನಿಶ್ಶಬ್ದ. ಪೆನ್ಸಿಲಿನ ತುದಿಗೆ ಎಂಜಲು ಹಚ್ಚಿದ.

ಎಲೆಗಳ ನಡುವೆ ಎರಡು ಕಣ್ಣು ಮೂಡಿದವು.

“ಓ, ಅಲ್ಲಿದೀರಾ? ಹಾಗಾದ್ರೆ ನಮ್ಮ ಬದನೆ ಗಿಡಗಳಿಗೆ ಎರಡು ಬಕೆಟ್ ನೀರು ಹಾಕಿಬಿಡಿ. ಪದಬಂಧದ ಚಿಂತೆ ನಿಮಗೆ ಬೇಡ, ಇಲ್ಲಿ ತಂಗಿಯೂ ನಾನೂ ಸೇರಿ ಮುಗಿಸ್ತಿದೀವಿ!”